ಸಂಪಾದಕರ ಉತ್ತರ: ಅರ್ಜಿ ಬರೆಯುವ ಕೈ

ಸಿರುಗುಪ್ಪ ತಾಲ್ಲೂಕಿನ ಒಬ್ಬ ನಿವೃತ್ತ ಮೇಷ್ಟ್ರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಹೊಲದ ಪಹಣಿಯಲ್ಲಿ ಹೆಸರು ತಪ್ಪಾಗಿದೆ. ಡಿಗ್ರಿ ಮುಗಿಸಿದ ಮೊಮ್ಮಗನಿಗೆ "ಹೋಗಿ ಒಂದು ಅರ್ಜಿ ಕೊಟ್ಟು ಬಾರಪ್ಪ" ಅಂದರಂತೆ. ಅವನು "ಅರ್ಜಿ ಕೊಟ್ರೆ ಏನಾಗ್ತೈತೆ ತಾತ, ಅಲ್ಲಿರೋರೆಲ್ಲಾ ಕಳ್ರೇ" ಅಂದು ಸಂಜೆ ಸಿನಿಮಾಕ್ಕೆ ಹೋದನಂತೆ. ಈ ಮಾತು ಅವನಿಗೆ ಕಲಿಸಿದ್ದೇ ಸಿನಿಮಾ ಅನ್ನುತ್ತಾರೆ ಮೇಷ್ಟ್ರು. ಮಂತ್ರಿ ಅಂದರೆ ಖಳನಾಯಕ, ಪೊಲೀಸ್ ಅಂದರೆ ಅವನ ಚೇಲಾ, ಗುಮಾಸ್ತ ಅಂದರೆ ಕೈ ಚಾಚುವವನು. ಇಂಥ ಸಿನಿಮಾಗಳನ್ನು ಸೆನ್ಸಾರ್‌ನವರು ತಡೆಯಬೇಕು, ನೀವು ಗಟ್ಟಿಯಾಗಿ ಬರೆಯಿರಿ ಎಂದು ಕೇಳಿದ್ದಾರೆ.

ಮೇಷ್ಟ್ರೇ, ತಡೆಯಿರಿ ಅಂತ ನಾನು ಬರೆಯಲಾರೆ. ಮೀಸಲಾತಿ ಕುರಿತ ಒಂದು ತಮಿಳು ಸಿನಿಮಾದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿಬಿಟ್ಟಿದೆ, ಸರ್ಕಾರದ ನೀತಿಯನ್ನು ಟೀಕಿಸುವುದು ಸಿನಿಮಾ ತಡೆಯಲು ಕಾರಣವಾಗುವುದಿಲ್ಲ ಎಂದು. ತುರ್ತು ಪರಿಸ್ಥಿತಿಯಲ್ಲಿ ಒಂದು ಹಿಂದಿ ಸಿನಿಮಾದ ಪ್ರಿಂಟುಗಳನ್ನೇ ಸುಟ್ಟುಹಾಕಿದ ದೇಶ ನಮ್ಮದು. ಆ ದಾರಿ ನಮಗೆ ಬೇಡ. ಸಿನಿಮಾದವರ ಪರವಾಗಿ ಇಷ್ಟು ಹೇಳಿದರೆ ಸಾಕು.

ಈಗ ನಿಮ್ಮ ಮೊಮ್ಮಗನ ಮಾತಿಗೆ ಬರುತ್ತೇನೆ. "ಕಳ್ರು" ಅಂದಿದ್ದಕ್ಕೆ ನನಗೆ ಬೇಜಾರಿಲ್ಲ, ಕೆಲವರು ಕಳ್ಳರೇ. "ಅರ್ಜಿ ಕೊಟ್ರೆ ಏನಾಗ್ತೈತೆ" ಅಂದನಲ್ಲ, ಅದು ನನ್ನ ನಿದ್ದೆ ಕೆಡಿಸಿತು.

ನಮ್ಮ ಬಳ್ಳಾರಿಯಲ್ಲಿ ಒಂದು ಕನ್ನಡ ಸಿನಿಮಾ ನೋಡಿದರೆ ಎರಡು ತೆಲುಗು ನೋಡುತ್ತೇವೆ. ಎರಡೂ ಕಡೆ ಒಂದು ದೃಶ್ಯವನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಬಡವ ಅರ್ಜಿ ಹಿಡಿದು ಕಚೇರಿಗೆ ಹೋಗುತ್ತಾನೆ. ಅಧಿಕಾರಿ ಅದನ್ನು ಹರಿದು ಮುಖಕ್ಕೆ ಎಸೆಯುತ್ತಾನೆ. ಮಳೆ ಶುರುವಾಗುತ್ತದೆ. ಬಡವನ ಮಗ ಮಚ್ಚು ತೆಗೆಯುತ್ತಾನೆ. ಥಿಯೇಟರ್ ತುಂಬ ಶಿಳ್ಳೆ. ನಾನೂ ಹೊಡೆದಿದ್ದೇನೆ. ಆ ಬಡವ ಸ್ವೀಕೃತಿ ಚೀಟಿ ತಗೊಂಡಿದ್ದನಾ, ಮೇಲ್ಮನವಿ ಹಾಕಬಹುದಿತ್ತಾ ಅಂತ ನಾನು ನೋಡಿದ ಒಂದು ಸಿನಿಮಾದಲ್ಲೂ ಯಾರೂ ಕೇಳಲಿಲ್ಲ.

ಇದು ನನ್ನ ಊಹೆ ಅಷ್ಟೇ ಅಲ್ಲ. ಅಮೆರಿಕದಲ್ಲಿ 1991ರಲ್ಲಿ ಅಧ್ಯಕ್ಷ ಕೆನಡಿ ಕೊಲೆಯ ಬಗ್ಗೆ 'ಜೆಎಫ್‌ಕೆ' ಎಂಬ ಸಿನಿಮಾ ಬಂತು. ಕೊಲೆಯ ಹಿಂದೆ ಸರ್ಕಾರದವರೇ ಇದ್ದಾರೆ ಅನ್ನುವ ಕಥೆ. ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ ಮತ್ತು ಅವರ ಜೊತೆಗಾರರು ಆ ಸಿನಿಮಾ ಇನ್ನೂ ನೋಡಬೇಕಾದವರನ್ನೂ ನೋಡಿ ಬಂದವರನ್ನೂ ಪ್ರಶ್ನೆ ಕೇಳಿ ಹೋಲಿಸಿದರು. 1995ರಲ್ಲಿ ಅದು ಅಚ್ಚಾಯಿತು. ನೋಡಿ ಬಂದವರಲ್ಲಿ ಸಿಟ್ಟು ಜಾಸ್ತಿ, ಸಂಚಿನ ಮೇಲೆ ನಂಬಿಕೆ ಜಾಸ್ತಿ. ಆದರೆ ವೋಟು ಹಾಕುತ್ತೇನೆ ಅನ್ನುವ ಮನಸ್ಸು ಕಡಿಮೆ! ನಿಮ್ಮ ಮೊಮ್ಮಗನೂ ಹೀಗೇ ಅಲ್ವಾ? ಅದೇ ಸಿನಿಮಾ ಎಬ್ಬಿಸಿದ ಗದ್ದಲದಿಂದ 1992ರಲ್ಲಿ ಕೊಲೆಯ ದಾಖಲೆಗಳನ್ನು ಜನರ ಮುಂದಿಡುವ ಕಾಯ್ದೆ ಬಂತು, ಅದನ್ನೂ ಒಪ್ಪುತ್ತೇನೆ.

ದೂರ ಯಾಕೆ, ನಮ್ಮ ಜಿಲ್ಲೆಯ ಕಥೆಯನ್ನೇ ತಗೊಳ್ಳಿ. ಅಕ್ರಮ ಅದಿರು ಗಣಿಗಾರಿಕೆಯ ದಿನಗಳನ್ನು ನೀವು ಮರೆತಿರಲಿಕ್ಕಿಲ್ಲ. ಸಂಡೂರು ರಸ್ತೆಯ ಲಾರಿ ಸಾಲು, ಕೆಂಪಾದ ಬೇವಿನ ಮರ, ಧೂಳು ಕುಂತ ಜೋಳದ ತೆನೆ. ಹೊರಗಿನವರು 'ರಿಪಬ್ಲಿಕ್ ಆಫ್ ಬಳ್ಳಾರಿ' ಅಂದರು. ಸಿನಿಮಾ ಆಗಿದ್ದರೆ ಕೊನೆಗೆ ಹೀರೋ ಗಣಿಗೆ ನುಗ್ಗಬೇಕಿತ್ತು. ಇಲ್ಲಿ ನುಗ್ಗಿದ್ದು ಕಾಗದ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅವರು ಹಾಕಿದ್ದೂ ಒಂದು ಅರ್ಜಿಯೇ, ಮೇಷ್ಟ್ರೇ. 2010ರಲ್ಲಿ ಉತ್ತರ ಕನ್ನಡದ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಅಧಿಕಾರಿ ಆರ್. ಗೋಕುಲ್ ಸುಮಾರು 8 ಲಕ್ಷ ಟನ್ ಅದಿರು ಜಪ್ತಿ ಮಾಡಿದರು. ಆಮೇಲೆ ನೋಡಿದರೆ 5 ಲಕ್ಷ ಟನ್‌ಗಿಂತ ಜಾಸ್ತಿ ಮಾಯವಾಗಿತ್ತು. ಆ ಅಧಿಕಾರಿಯನ್ನೇ ಅಮಾನತು ಮಾಡುವ ಮಾತು ಬಂದಾಗ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಆಮೇಲೆ ವಾಪಸ್ ತಗೊಂಡರು. ಲೋಕಾಯುಕ್ತರ ತನಿಖೆಗೆ ದುಡಿದ ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ ಕೂತು ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಿತು. 2011ರ ಜುಲೈ 27ಕ್ಕೆ ಲೋಕಾಯುಕ್ತರ ವರದಿ ಬಂತು. ಸರ್ಕಾರಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದಿತು. 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 31ಕ್ಕೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು.

ಗೋಕುಲ್, ಸಿಂಗ್, ಅವರ ಕೈಕೆಳಗೆ ಲೆಕ್ಕ ಕೂಡಿ ಕಳೆದ ಗುಮಾಸ್ತರು. ಇವರೂ ಸರ್ಕಾರವೇ ಅಲ್ವಾ? ಇವರ ಬಗ್ಗೆ ಯಾಕೆ ಶಿಳ್ಳೆ ಇಲ್ಲ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿಯಿತು. ನಮ್ಮೆಲ್ಲರ ಗದ್ದೆಯ ನೀರು ಹೊಳೆಗೆ ಹೋಗುತ್ತಿತ್ತು. ಹರಿಯುವ ನೀರಿನಲ್ಲೇ ಕಬ್ಬಿಣದ ಸ್ಟಾಪ್ ಲಾಗ್ (ತಾತ್ಕಾಲಿಕ ಗೇಟಿನ ಹಲಗೆಗಳು) ಇಳಿಸಿ ಒಂದು ವಾರದಲ್ಲಿ ಮುಚ್ಚಿದರು. ಆ ಕೆಲಸ ಮಾಡಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರು ನಮಗೆ ಗೊತ್ತು. ಜೊತೆಗಿದ್ದ ವೆಲ್ಡರ್‌ಗಳ ಒಬ್ಬರ ಹೆಸರೂ ಗೊತ್ತಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಮ್ಮಪ್ಪನ ಪಹಣಿಯಲ್ಲೂ ಒಂದು ಅಕ್ಷರ ತಪ್ಪಿತ್ತು. ಏಳು ತಿಂಗಳು ಅಲೆದೆ. "ಸಾಹೇಬ್ರು ಮೀಟಿಂಗ್‌ನಾಗ ಅದಾರ", "ಸರ್ವರ್ ಡೌನ್", "ಸೋಮವಾರ ಬರ್ರಿ". ನನಗೂ ಎಲ್ಲರೂ ಕಳ್ಳರೇ ಅನಿಸಿತು. ಕೊನೆಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಕೇಳಿದ್ದು ಒಂದೇ: ನನ್ನ ಅರ್ಜಿ ಇವತ್ತು ಯಾರ ಟೇಬಲ್ ಮೇಲಿದೆ, ಎಷ್ಟು ದಿನದಿಂದ ಇದೆ? ಕಾಯ್ದೆಯಂತೆ 30 ದಿನದಲ್ಲಿ ಉತ್ತರ ಕೊಡಬೇಕು. ಇಪ್ಪತ್ತೆರಡನೇ ದಿನಕ್ಕೆ ತಿದ್ದಿದ ಪಹಣಿಯೇ ಬಂತು. ತಿದ್ದಿಕೊಟ್ಟವರು ಒಬ್ಬ ಹೆಣ್ಣುಮಗಳು, ಆ ಸೆಕ್ಷನ್‌ಗೆ ಹೊಸದಾಗಿ ಬಂದಿದ್ದರು. "ಸರ್, ಇದು ಬೇರೆ ಫೈಲ್‌ನೊಳಗೆ ಸೇರಿತ್ತು" ಅಂದರು. ಆ ತಾಯಿಯ ಕೈಗೆ ನಾನು ನಮಸ್ಕಾರ ಮಾಡಿದೆ.

ಒಂದು ಮಾತು ಕೇಳಲಾ? ಬೇಸರ ಮಾಡಿಕೊಳ್ಳಬೇಡಿ. ಇಷ್ಟು ವರ್ಷ ಮಕ್ಕಳಿಂದ ರಜಾ ಅರ್ಜಿ ಬರೆಸಿದ್ದೀರಿ. ಮಾಹಿತಿ ಹಕ್ಕಿನ ಕಾಯ್ದೆ ಬಂದಿದ್ದು 2005ರಲ್ಲಿ. ಅದರ ಅರ್ಜಿಯನ್ನು ಎಷ್ಟು ಮಕ್ಕಳಿಂದ ಬರೆಸಿದಿರಿ? ತಪ್ಪು ನಿಮ್ಮೊಬ್ಬರದೇ ಅಲ್ಲ. ನಮ್ಮಂಥ ಪತ್ರಿಕೆಗಳದೂ ಇದೆ. ನಮ್ಮ ಜಿಲ್ಲೆಯ ಹಣೆಬರಹ ಬದಲಿಸಿದ ಆ ವರದಿ ಇಂಗ್ಲಿಷಿನಲ್ಲಿದೆ. ಸಂಡೂರಿನ ಹುಡುಗ ಓದುವಂತೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕಾಗಿದ್ದವರು ನಾವು. ಹೊಸ ಹೀರೋ ಬಂದರೆ ಮುಖಪುಟ ಕೊಡುತ್ತೇವೆ. ಗಣಿ ಹಾಳು ಮಾಡಿದ ಊರುಗಳಿಗೆಂದು ಸಾವಿರಾರು ಕೋಟಿ ಇಟ್ಟಿದ್ದಾರೆ, ಅದು ಯಾವ ಊರಿಗೆ ಎಷ್ಟು ಬಂತು ಅಂತ ಕೇಳಲು ನಮಗೆ ಪುರುಸೊತ್ತಿಲ್ಲ. ಬಳ್ಳಾರಿ ರಾಘವರ ಊರಿನವರು ನಾವು. ಅವರು ದೊಡ್ಡ ನಟರು, ವಕೀಲರೂ ಹೌದು. ಬಣ್ಣ ಹಚ್ಚುವ ಕೈಯೇ ಕೋರ್ಟಿನ ಕಾಗದವನ್ನೂ ಹಿಡಿಯುತ್ತಿತ್ತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಯಾಕೆ ಬಿಟ್ಟೆವು ಅಂತ ನನಗೆ ಹೊಟ್ಟೆ ಉರಿಯುತ್ತದೆ.

ಮೊಮ್ಮಗನನ್ನು ಬರುವ ಭಾನುವಾರ ನಮ್ಮ ಕಚೇರಿಗೆ ಕಳಿಸಿ. ಪಹಣಿ, ಆಧಾರ್, ಹಳೆಯ ಖರೀದಿ ಪತ್ರದ ಜೆರಾಕ್ಸ್ ತರಲಿ. ಸಂಜೆ ಸಿನಿಮಾ ಇದ್ದರೆ ಬೆಳಿಗ್ಗೆಯೇ ಬರಲಿ. ಪಕ್ಕದಲ್ಲಿ ಕೂತು ಅವನ ಕೈಯಿಂದಲೇ ಬರೆಸುತ್ತೇನೆ. ಕೊಟ್ಟಮೇಲೆ ಸ್ವೀಕೃತಿ ಚೀಟಿ ಕೇಳಿ ತಗೋ ಅಂತ ಈಗಲೇ ಹೇಳಿಡಿ.