ವರ್ಡಲ್ಲಿ ಹೊಸ ಫೈಲ್ ತೆಗೆದಾಗೆಲ್ಲ ಬೇಡದ ಫಾಂಟು ಬಂದ್ರೆ

ಪ್ರಶ್ನೆ: ಸಾರ್, ನಮ್ದು ಸಣ್ಣ ಡಿಟಿಪಿ ಅಂಗಡಿ, ಬಾಡಿಗೆ ಕರಾರು, ಅಫಿಡವಿಟ್ಟು, ಅರ್ಜಿ ಇಂಥವೇ ಟೈಪಿಂಗ್ ಜಾಸ್ತಿ. ಹೊಸ ಕಂಪ್ಯೂಟರ್ ತಗೊಂಡ್ಮೇಲೆ ವರ್ಡಲ್ಲಿ ಹೊಸ ಫೈಲ್ ತೆಗೆದ್ರೆ ಆಪ್ಟೋಸ್ ಫಾಂಟು ಬರತ್ತೆ, ಪ್ಯಾರಾ ಮಧ್ಯೆ ಗ್ಯಾಪ್ ಬೇರೆ, ಪೇಪರ್ರೂ ಪ್ರತಿ ಸಲ ಲೀಗಲ್ ಸೈಜಿಗೆ ಮಾಡ್ಕೋಬೇಕು. ಹಳೇ ಕಂಪ್ಯೂಟರಲ್ಲಿ ಎಲ್ಲ ಸೆಟ್ ಆಗಿತ್ತು. ಅದನ್ನೇ ಇಲ್ಲಿಗೆ ತರಕ್ಕಾಗತ್ತಾ?
- ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಖಂಡಿತ ಆಗತ್ತೆ. ನೀವು ಖಾಲಿ ಫೈಲ್ ತೆಗೆದಾಗ ವರ್ಡು ನಾರ್ಮಲ್.ಡಾಟ್‌ಎಂ ಅನ್ನೋ ಟೆಂಪ್ಲೇಟ್, ಅಂದ್ರೆ ಮಾದರಿ ಫೈಲ್, ನೋಡ್ಕೊಂಡೇ ಫಾಂಟು, ಮಾರ್ಜಿನ್, ಗ್ಯಾಪ್ ಎಲ್ಲ ಇಡತ್ತೆ, ನೀವು ಮಾಡ್ಕೊಂಡಿರೋ ಮ್ಯಾಕ್ರೋ (ಹಲವು ಕೆಲಸ ಒಟ್ಟಿಗೆ ತಾನೇ ಮಾಡೋ ಪುಟ್ಟ ಪ್ರೋಗ್ರಾಂ), ಕೀಬೋರ್ಡ್ ಶಾರ್ಟ್‌ಕಟ್ಟೂ ಸಾಮಾನ್ಯವಾಗಿ ಅದರಲ್ಲೇ ಇರತ್ತೆ. 2003ರ ವರ್ಡ್ ತನಕ ಇದರ ಹೆಸರು ನಾರ್ಮಲ್.ಡಾಟ್ ಅಂತಷ್ಟೇ ಇತ್ತು, 2007ರಿಂದ ಕೊನೇಲಿ ಎಂ ಸೇರ್ತು. ಆಪ್ಟೋಸ್ ಬರ್ತಿರೋದು ಕಂಪ್ಯೂಟರ್ ದೋಷ ಅಲ್ಲ, ಕ್ಯಾಲಿಬ್ರಿ ಜಾಗಕ್ಕೆ ಮೈಕ್ರೋಸಾಫ್ಟ್‌ನೋರು 2023ರಲ್ಲಿ ಅದನ್ನ ತಂದ್ರು.

ಫೈಲು ಆಪ್‌ಡೇಟಾ ಅನ್ನೋ ಹಿಡನ್ ಫೋಲ್ಡರ್ ಒಳಗಿರೋದ್ರಿಂದ ಸುಮ್ನೆ ಹುಡುಕಿದ್ರೆ ಕಾಣಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರೋ ಬಾಕ್ಸಲ್ಲಿ ಇಂಗ್ಲಿಷಲ್ಲಿ %ಆಪ್‌ಡೇಟಾ%\ಮೈಕ್ರೋಸಾಫ್ಟ್\ಟೆಂಪ್ಲೇಟ್ಸ್ ಅಂತ ಟೈಪ್ ಮಾಡಿ ಎಂಟರ್ ಕೊಡಿ, ನೇರ ಅಲ್ಲಿಗೇ ಹೋಗತ್ತೆ. ಅಲ್ಲಿಲ್ಲ ಅಂದ್ರೆ ಯಾರೋ ಜಾಗ ಬದಲಾಯಿಸಿರ್ತಾರೆ, ವರ್ಡಿನ ಆಪ್ಷನ್ಸಲ್ಲಿ ಅಡ್ವಾನ್ಸ್ಡ್‌ಗೆ ಹೋಗಿ ಕೆಳಗಡೆ ಫೈಲ್ ಲೊಕೇಶನ್ಸ್ ಒತ್ತಿದ್ರೆ ಯೂಸರ್ ಟೆಂಪ್ಲೇಟ್ಸ್ ಎದುರಿಗೆ ಜಾಗ ತೋರ್ಸತ್ತೆ.

ಈಗ ಮುಖ್ಯವಾದ್ದು. ಮೊದ್ಲು ವರ್ಡನ್ನ ಪೂರ್ತಿ ಮುಚ್ಚಿ, ಔಟ್‌ಲುಕ್ ತೆಗೆದಿದ್ರೆ ಅದನ್ನೂ. ಹೊಸ ಕಂಪ್ಯೂಟರಲ್ಲಿರೋ ಫೈಲನ್ನ ದಯವಿಟ್ಟು ಡಿಲೀಟ್ ಮಾಡ್ಬೇಡಿ, ನಾರ್ಮಲ್-ಹಳೇದು ಅಂತ ಹೆಸರು ಬದಲಾಯಿಸಿ ಅಲ್ಲೇ ಬಿಡಿ, ಆಮೇಲೆ ಹಳೇ ಕಂಪ್ಯೂಟರಿನ ಇದೇ ಫೋಲ್ಡರಿಂದ ಪೆನ್‌ಡ್ರೈವಲ್ಲಿ ತಂದ ನಾರ್ಮಲ್ ಫೈಲನ್ನ ಅಲ್ಲಿಗೆ ಹಾಕಿ. ಏನಾದ್ರೂ ಎಡವಟ್ಟಾದ್ರೆ ತಂದಿದ್ದನ್ನ ತೆಗೆದು ಮತ್ತೆ ವರ್ಡ್ ತೆಗೀರಿ, ನಾರ್ಮಲ್ ಫೈಲ್ ಸಿಗ್ಲಿಲ್ಲ ಅಂದ್ರೆ ಅದೇ ಹೊಸದೊಂದು ಮಾಡ್ಕೊಳತ್ತೆ. ಆದ್ರೆ ಈಗಾಗ್ಲೇ ಟೈಪ್ ಮಾಡಿಟ್ಟಿರೋ ಫೈಲುಗಳು ಇದರಿಂದ ಬದಲಾಗಲ್ಲ, ಹೊಸದಾಗಿ ತೆಗೆಯೋವಕ್ಕೆ ಮಾತ್ರ ಲೆಕ್ಕ. ಬೇರೆ ಯಾರದ್ದೋ ನಾರ್ಮಲ್ ಫೈಲ್ ಮಾತ್ರ ತಂದು ಹಾಕ್ಬೇಡಿ, 1999ರಲ್ಲಿ ಈಮೇಲ್ ಮೂಲಕ ಹರಡಿದ ಮೆಲಿಸ್ಸಾ ವೈರಸ್ ಈ ಟೆಂಪ್ಲೇಟೊಳಗೂ ತನ್ನ ಮ್ಯಾಕ್ರೋ ಸೇರಿಸ್ತಿತ್ತು.

ನಂಗೆ ಕೇಳಿದ್ರೆ, ಬರೀ ಫಾಂಟು ಪೇಪರ್ರಿಗಾದ್ರೆ ಫೈಲ್ ತರೋದೇ ಬೇಡ. ಫಾಂಟ್, ಪ್ಯಾರಾಗ್ರಾಫ್, ಪೇಜ್ ಸೆಟಪ್ ಮೂರು ಬಾಕ್ಸಲ್ಲೂ ಕೆಳಗಡೆ ಸೆಟ್ ಆಸ್ ಡಿಫಾಲ್ಟ್ ಅಂತಿರತ್ತೆ, ಅದನ್ನ ಒತ್ತಿ, ನಾರ್ಮಲ್ ಟೆಂಪ್ಲೇಟಿನ ಎಲ್ಲ ಫೈಲಿಗೂ ಅಂತ ಕೊಡಿ ಸಾಕು. ಕನ್ನಡದಲ್ಲಿ ಟೈಪ್ ಮಾಡೋರಿಗೆ ಇಲ್ಲೊಂದು ತೊಡಕಿದೆ, ಹಳೇ ಆಸ್ಕಿ ನುಡಿ ಫಾಂಟಾದ್ರೆ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರೋದು) ವರ್ಡು ಅದನ್ನ ಇಂಗ್ಲಿಷ್ ಅಕ್ಷರ ಅಂತಲೇ ತಿಳ್ಕೊಳತ್ತೆ, ಹಾಗಾಗಿ ಲ್ಯಾಟಿನ್ ಟೆಕ್ಸ್ಟ್ ಅನ್ನೋ ಕಡೆ ಫಾಂಟ್ ಹಾಕ್ಬೇಕು, ಯೂನಿಕೋಡ್ ಕನ್ನಡಕ್ಕೆ (ಮೊಬೈಲ್, ವೆಬ್‌ಸೈಟಲ್ಲಿ ಬರೋ ಥರದ್ದು) ಕೆಳಗಿನ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಅನ್ನೋ ಕಡೆ ಬೇರೇನೇ ಫಾಂಟು, ಬೇರೇನೇ ಸೈಜು. ಮೇಲ್ಗಡೆ 14 ಕೊಟ್ಟೂ ಕನ್ನಡ ಸಣ್ಣದಾಗೇ ಬರ್ತಿದ್ರೆ ಕಾರಣ ಇದೇ. ಆ ಭಾಗ ಕಾಣಿಸ್ದೇ ಇದ್ರೆ ಆಪ್ಷನ್ಸಿನ ಲ್ಯಾಂಗ್ವೇಜಲ್ಲಿ ಕನ್ನಡ ಸೇರಿಸಿ.

ಇನ್ನು ಬಾಡಿಗೆ ಕರಾರಿನ ಒಕ್ಕಣೆ, ಮ್ಯಾಟರ್ರು ಎಲ್ಲಾನೂ ನಾರ್ಮಲ್ಲಿಗೇ ತುಂಬಬೇಡಿ, ಆಮೇಲೆ ಯಾರಿಗಾದ್ರೂ ಒಂದು ರಜಾ ಚೀಟಿ ಟೈಪ್ ಮಾಡೋಕೂ ಅದೆಲ್ಲ ಅಳಿಸ್ತಾ ಕೂರ್ಬೇಕಾಗತ್ತೆ. ಕರಾರಿಗೆ ಒಂದು, ಅಫಿಡವಿಟ್ಟಿಗೆ ಒಂದು ಅಂತ ಬೇರೆ ಬೇರೆ ಟೆಂಪ್ಲೇಟ್ ಸೇವ್ ಮಾಡಿಟ್ಕೊಳಿ.

ಪ್ರಶ್ನೆ: ವರ್ಡ್ ಮುಚ್ಚೋವಾಗೆಲ್ಲ ನಾರ್ಮಲ್ ಟೆಂಪ್ಲೇಟಲ್ಲಿ ಬದಲಾವಣೆ ಆಗಿದೆ ಸೇವ್ ಮಾಡ್ಲಾ ಅಂತ ಕೇಳತ್ತೆ, ನಾನು ಏನೂ ಮುಟ್ಟಿರಲ್ಲ. ಯಾಕೆ?
- ಓದುಗರು, ಬಸವನಗುಡಿ

ಉತ್ತರ: ಸಾಮಾನ್ಯವಾಗಿ ಯಾವುದೋ ಆಡ್-ಇನ್, ಅಂದ್ರೆ ವರ್ಡಿಗೆ ಸೇರ್ಕೊಂಡಿರೋ ಪುಟ್ಟ ಪ್ರೋಗ್ರಾಂ, ಹಿಂದಿನಿಂದ ಅದನ್ನ ಮುಟ್ತಿರತ್ತೆ, ಪಿಡಿಎಫ್ ಅಥವಾ ಪ್ರಿಂಟರ್ ಸಾಫ್ಟ್‌ವೇರ್ ಜೊತೆ ಬಂದಿರೋದು ಇರಬಹುದು. ಆಪ್ಷನ್ಸಲ್ಲಿ ಆಡ್-ಇನ್ಸ್‌ಗೆ ಹೋಗಿ, ಕೆಳಗಡೆ ಮ್ಯಾನೇಜ್ ಎದುರಿಗೆ ಕಾಮ್ ಆಡ್-ಇನ್ಸ್ ಇಟ್ಟು ಗೋ ಒತ್ತಿ, ಒಂದೊಂದಾಗಿ ಟಿಕ್ ತೆಗೆದು ವರ್ಡ್ ಮುಚ್ಚಿ ತೆಗೆದು ನೋಡಿ, ಯಾವುದನ್ನ ತೆಗೆದ್ಮೇಲೆ ಪ್ರಶ್ನೆ ನಿಲ್ಲತ್ತೋ ಅದೇ ಕಾರಣ. ಅಡ್ವಾನ್ಸ್ಡಲ್ಲಿ ಸೇವ್ ಮಾಡೋ ಮುಂಚೆ ಕೇಳು ಅನ್ನೋ ಟಿಕ್ ತೆಗೆದ್ರೂ ಪ್ರಶ್ನೆ ನಿಲ್ಲತ್ತೆ, ಆದ್ರೆ ಆಗ ಬದಲಾವಣೆ ನಿಮ್ಮನ್ನ ಕೇಳ್ದೆ ಸೇವ್ ಆಗ್ತಾ ಹೋಗತ್ತೆ, ಅದಕ್ಕೆ ಮೊದ್ಲು ಆಡ್-ಇನ್ ಹುಡುಕಿ.