ಬ್ರಾಡ್ ಬೀನ್ಸ್ ಅಂದ್ರೆ ನಮ್ಮ ಅವರೆಕಾಯಿನಾ? ಜಾಸ್ತಿ ಬೆಳೆಯೋದು ಎಲ್ಲಿ?

ಅಲ್ಲ, ಎರಡೂ ಬೇರೆ ಬೇರೆ ಗಿಡ. ಬ್ರಾಡ್ ಬೀನ್ಸ್ ಚಳಿ ಬೆಳೆ, ನೆಟ್ಟಗೆ ನಿಲ್ಲತ್ತೆ, ಬಿಳಿ ಹೂವಲ್ಲಿ ಕಪ್ಪು ಮಚ್ಚೆ, ದಪ್ಪ ಕಾಯಿ ಬಿಡಿಸಿದ್ರೆ ಒಳಗೆ ಹತ್ತಿ ಹಾಸಿದ ಹಾಗೆ ಮೆತ್ತಗಿರತ್ತೆ. ಬಿಸಿಲು ಜಾಸ್ತಿಯಾದ್ರೆ ಹೂವು ಉದುರತ್ತೆ, ಅದಕ್ಕೇ ಈಜಿಪ್ಟ್‌ನಲ್ಲಿ ಅಕ್ಟೋಬರ್-ನವೆಂಬರ್‌ಗೆ ಬಿತ್ತಿ ಬೇಸಿಗೆ ಏರೋ ಮುಂಚೆ ಕೊಯ್ತಾರೆ. ಪ್ರಪಂಚದಲ್ಲಿ ವರ್ಷಕ್ಕೆ 50 ಲಕ್ಷ ಟನ್‌ಗೂ ಜಾಸ್ತಿ ಒಣಕಾಳು ಬರತ್ತೆ, ಮೊದಲು ಚೀನಾ, ಆಮೇಲೆ ಇಥಿಯೋಪಿಯಾ, ಅಲ್ಲಿ ಗುಡ್ಡಗಾಡಿನ ಸಣ್ಣ ರೈತರು ಗೋಧಿ, ಬಾರ್ಲಿ ಆದ್ಮೇಲೆ ಇದನ್ನ ಹಾಕ್ತಾರೆ, ಬೇರಿನ ಗಂಟು ಗಾಳಿಯ ನೈಟ್ರೋಜನ್ ಹಿಡಿದು ಮಣ್ಣಿಗೆ ಸೇರಿಸತ್ತಲ್ಲ, ನನ್ ಪ್ರಕಾರ ಅದೇ ಇದರ ದೊಡ್ಡ ಗುಣ. ಈಜಿಪ್ಟ್‌ನವರಿಗಂತೂ ಬೆಳಗಿನ ತಿಂಡೀನೇ ಇದು, ಬೆಳೆದಿದ್ದು ಸಾಲದೆ ಆಸ್ಟ್ರೇಲಿಯಾದಿಂದ ತರಿಸ್ತಾರೆ. ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡೋ ಒಂದು ಎಂಜೈಮ್) ಕೊರತೆ ಇರೋರು ದಯವಿಟ್ಟು ತಿನ್ನಬೇಡಿ, ಕೆಂಪು ರಕ್ತಕಣ ಒಡೆಯತ್ತೆ.