ಮೊರನ್ಬಾದಾಗ ಮನೆ ತಗೊಳ್ಲಾ ಅಂತ ಕೇಳಿದ ತಮ್ಮಂಗೆ

ತಮ್ಮಾ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮೊರನ್ಬಾ ಊರಾಗೆ ಕಲ್ಲಿದ್ದಲು ಮೈನ್ ಕೆಲಸ ಸಿಕ್ಕೈತೆ, ಬಾಡಿಗೆ ಕಟ್ಟೋ ಬದ್ಲು ಲೋನ್ ಮಾಡಿ ಮನೆನೇ ತಗೊಂಡುಬಿಡ್ಲಾ, ಊಟ ಹವಾ ಹೆಂಗೆ ಅಂತ ಕೇಳಿದೀಯ. ಅಕ್ಕಿ ಬೇಳೆ ಸಮುದ್ರ ದಂಡೆಯ ಮಕಾಯ್ ಪಟ್ಟಣದಾಗೆ ಸಿಗುತ್ತೆ. ಬಿಸಿಲು ನಮ್ ಹೊಸಪೇಟೆಯೋರಿಗೆ ಹೊಸದಲ್ಲ. ಮನೆ ವಿಷಯ ಮಾತ್ರ ಕುಂತು ಕೇಳು.

ನಾನು ಬಂದಿದ್ದು 2012ರಾಗೆ. ಹಿಂದಿನ ಜುಲೈನಾಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸಿತ್ತಲ್ಲ, ನಮ್ಮಣ್ಣನ ಎರಡು ಲಾರಿ ಮನೆ ಮುಂದೆ ನಿಂತು ಟಯರ್ ಸುತ್ತ ಹುಲ್ಲು ಬೆಳೆದಿತ್ತು, ಫೈನಾನ್ಸ್‌ನೋರು ಒಯ್ದ ದಿನ ಅವ್ವ ಒಲೆ ಹಚ್ಚಲಿಲ್ಲ. ಅದನ್ನ ಕಣ್ಣಾರೆ ನೋಡಿ ಬಂದೋನು ನಾನು, ಆದ್ರೂ ಇಲ್ಲಿ ಎರಡೆರಡು ಕಿಲೋಮೀಟರ್ ಉದ್ದದ ಕೋಲ್ ರೈಲು ಹಗಲೂ ರಾತ್ರಿ ಹೇ ಪಾಯಿಂಟ್ ಬಂದರಿಗೆ ಹೋಗೋದು ನೋಡಿ, ಇದು ನಿಲ್ಲೋ ಮಾತೇ ಇಲ್ಲ ಅನ್ಕೊಂಡು ಸಾಲ ಮಾಡಿ ಏಳು ಲಕ್ಷ ಡಾಲರ್‌ಗೆ ಮನೆ ತಗೊಂಡೆ.

ರೈಲು ನಿಲ್ಲಲಿಲ್ಲ ತಮ್ಮಾ, ರೇಟ್ ಬಿತ್ತು. ಇಲ್ಲಿಂದು ಹೆಚ್ಚಾಗಿ ಉಕ್ಕು ಮಾಡೋ ಕೋಕಿಂಗ್ ಕೋಲ್, ನಮ್ ತೋರಣಗಲ್ಲಿನ ಕುಲುಮೆಗೂ ಆಸ್ಟ್ರೇಲಿಯಾದಿಂದ ಇಂಥದ್ದೇ ಬರುತ್ತೆ. ಇಲ್ಲಿ ಪ್ರವಾಹ ಬಂದ 2011ರಾಗೆ ಟನ್‌ಗೆ 300 ಅಮೆರಿಕನ್ ಡಾಲರ್ ದಾಟಿದ್ದು 2016ರ ಶುರುವಿಗೆ 80ರ ಹತ್ರ ಬಂತು. ಮೊದ್ಲು ಕಾಂಟ್ರಾಕ್ಟ್‌ನೋರ್ನ ತೆಗೆದ್ರು, ಆಮೇಲೆ ಮಕಾಯ್‌ನ ವರ್ಕ್‌ಶಾಪು, ಮೋಟೆಲ್ಲು, ಟಯರ್ ಅಂಗಡಿ ಎಲ್ಲಾ ಖಾಲಿ ಹೊಡೀತು. ನಮ್ ಬೀದಿನಾಗೆ ಮನೆಗೊಂದು ಮಾರಾಟದ ಬೋರ್ಡು. ನನ್ ಮನೆ ಆಗ ಎರಡು ಲಕ್ಷಕ್ಕೂ ಕೇಳೋರಿರಲಿಲ್ಲ, ಸಾಲ ಮಾತ್ರ ಹಂಗೇ ಇತ್ತು. ಅಪ್ಪ ತೀರಿಕೊಂಡಾಗ ಟಿಕೆಟ್‌ಗೆ ದುಡ್ಡು ಹೊಂದಿಸೋದ್ರಾಗೆ ಮೂರು ದಿನ ಹೋತು, ಮಣ್ಣಿಗೆ ಮುಟ್ಟಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಆಮೇಲೆ ಮತ್ತೆ ರೇಟ್ ಎದ್ದಿತು, 2022ರಿಂದ ಸರ್ಕಾರ ರೇಟ್ ಜಾಸ್ತಿ ಇದ್ದಾಗ ಮೈನ್‌ನೋರಿಂದ ಟನ್‌ಗೆ ಜಾಸ್ತಿ ರಾಯಲ್ಟಿ ತಗೊಳುತ್ತೆ, ಅಂದ್ರೆ ರಾಜ್ಯದ ಲೆಕ್ಕಾನೂ ಒಂದಿಷ್ಟು ಈ ಕಲ್ಲಿದ್ದಲಿನ ರೇಟ್ ನೋಡ್ಕೊಂಡು ನಡೆಯುತ್ತೆ. ಕೆಲಸ ಒಳ್ಳೇದೇ, ಬಾ, ಇಲ್ಲೇ ಮಗಳನ್ನ ಓದಿಸಿದೀನಿ ನಾನು. ಆದ್ರೆ ಮೊದ್ಲು ಎರಡು ವರ್ಷ ಬಾಡಿಗೆನಾಗೆ ಇರು. ಕೆಲಸಕ್ಕೆ ಸೇರೋವಾಗ ತೆಗೆಯೋ ಎದೆ ಎಕ್ಸ್‌ರೇ ಕಾಪಿ ನಿನ್ ಹತ್ರನೂ ಇಟ್ಕೋ, ಹೋಗೇಬಿಟ್ಟೈತೆ ಅನ್ಕೊಂಡಿದ್ದ, ಕಲ್ಲಿದ್ದಲು ಧೂಳಿಂದ ಶ್ವಾಸಕೋಶಕ್ಕೆ ಬರೋ ಕಾಯಿಲೆ 2015ರಾಗೆ ಇಲ್ಲಿ ಮತ್ತೆ ಕಾಣಿಸ್ಕೊಂಡಿತ್ತು. ಹನ್ನೆರಡು ತಾಸಿನ ಶಿಫ್ಟ್ ಮುಗಿಸಿ ನಿದ್ದೆಗಣ್ಣಾಗೆ ಮಕಾಯ್ ರೋಡ್ ಹಿಡೀಬೇಡ, ಮೈನ್ ಕೆಲಸದೋರು ಉಳಿಯೋ ಕ್ಯಾಂಪ್‌ನಾಗೆ ಮಲಗಿ ಹೋಗು.

ಬ್ಯಾಂಕ್ ಕಾಗದಕ್ಕೆ ಸಹಿ ಹಾಕೋ ಮುಂಚೆ ನಂಗೊಂದು ಫೋನ್ ಮಾಡು, ನೈಟ್ ಶಿಫ್ಟ್ ಮುಗಿಸಿ ಮಲಗಿದ್ರೂ ಎದ್ದು ಮಾತಾಡ್ತೀನಿ.